ಎಷ್ಟರಲ್ಲಿ ನಿಲ್ಲುತ್ತೆ?

ಭಾನುವಾರ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಮೈಸೂರಿನಿಂದ ಹುಣಸೂರಿನ ಕಡೆ ಹೊರಟವರಿಗೆ ಇಲವಾಲ ದಾಟುತ್ತಿದ್ದಂತೆ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ರಸ್ತೆಬದಿಯ ಹೋಟೆಲುಗಳ ಮುಂದೆ ಬಣ್ಣಬಣ್ಣದ ಬೈಕುಗಳು ಸಾಲಾಗಿ ನಿಂತಿರುತ್ತವೆ. ಟ್ಯಾಂಕಿನ ಮೇಲೆ ಹೆಲ್ಮೆಟ್ಟು, ಸೀಟಿನ ಮೇಲೆ ಇಡ್ಲಿಯ ತಟ್ಟೆ, ಕೈಯಲ್ಲಿ ಕಾಫಿಯ ಲೋಟ. ಹುಡುಗರ ಮಾತೆಲ್ಲ ಸಿ.ಸಿ., ಪಿಕಪ್ಪು, ಟೈರು, ಗೇರುಗಳ ಸುತ್ತಲೇ. ಕಳೆದ ವಾರ ಮಡಿಕೇರಿಯನ್ನು ಯಾರು ಎಷ್ಟು ಹೊತ್ತಿನಲ್ಲಿ ಮುಟ್ಟಿದರು, ಮುಂದಿನ ತಿಂಗಳು ವಯನಾಡಿಗೆ ಯಾವ ದಾರಿ ಹಿಡಿಯಬೇಕು ಎಂಬ ಚರ್ಚೆ ಕಾಫಿ ಆರಿದರೂ ಮುಗಿಯುವುದಿಲ್ಲ.

ಅಲ್ಲಿಗೆ ಹೊಸ ಬೈಕೊಂದು ಬಂದು ನಿಂತರೆ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ಹುಡುಗರು ಕೇಳುವುದು, ‘ಎಷ್ಟು ಹೋಗುತ್ತೆ ಮಗಾ?’ ಪಕ್ಕದಲ್ಲಿ ಹಾಲಿನ ಕ್ಯಾನು ಇಳಿಸುವ ಹಿರಿಯರು ಕೇಳುವುದು, ‘ಎಷ್ಟು ಕೊಡುತ್ತಪ್ಪಾ?’ ಮೊದಲನೆಯದು ವೇಗದ ಲೆಕ್ಕ, ಎರಡನೆಯದು ಪೆಟ್ರೋಲಿನ ಲೆಕ್ಕ. ಮನೆಯಲ್ಲಿ ಬೈಕು ಕೊಳ್ಳುವ ಮಾತು ಬಂದಾಗಲೂ ಮಗ ಮತ್ತು ಅಪ್ಪನ ನಡುವೆ ಎಳೆದಾಡುವುದು ಈ ಎರಡೇ ಪ್ರಶ್ನೆಗಳು.

ಆದರೆ ಮೈಸೂರಿನ ಪಶ್ಚಿಮಕ್ಕೆ ಹರಡಿಕೊಂಡಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ರಸ್ತೆಗಳು ಪ್ರತಿ ಸವಾರನನ್ನೂ ಮೂರನೆಯದೊಂದು ಪ್ರಶ್ನೆ ಕೇಳುತ್ತವೆ: ‘ಎಷ್ಟರಲ್ಲಿ ನಿಲ್ಲುತ್ತೆ?’

ಯಾದವಗಿರಿಯ ಸದ್ದು

ಬೈಕಿನ ಹುಚ್ಚು ಮೈಸೂರು ಸೀಮೆಗೆ ಹೊಸತಲ್ಲ. ಊರಿನ ಹುಡುಗರಿಗೆ ಬೈಕು ಎಂದರೆ ಪರದೇಶದ ವಸ್ತುವಾಗಿದ್ದ ಕಾಲದಲ್ಲೇ ಮೈಸೂರಿನ ಯಾದವಗಿರಿಯಲ್ಲಿ ಬೈಕಿನ ಕಾರ್ಖಾನೆ ಇತ್ತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹದಿಂದ ಬೆಳೆದ ಐಡಿಯಲ್ ಜಾವಾ ಕಂಪೆನಿ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಬೈಕುಗಳನ್ನು ಇಲ್ಲಿ ಹೊರತರತೊಡಗಿತು. ಎಪ್ಪತ್ತರ ದಶಕದಲ್ಲಿ ಆ ಬೈಕಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಹೆಸರು ಬದಲಾದರೂ ಹಳ್ಳಿಗಳಲ್ಲಿ ಜನ ‘ಜಾವಾ’ ಎಂದೇ ಕರೆದರು.

ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಕಿಕ್ಕರು ಬೇರೆ ಇಲ್ಲ. ಗೇರಿನ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಪೆಟ್ರೋಲಿಗೆ ಆಯಿಲು ಬೆರೆಸಿ ಓಡಿಸುವ ಟು ಸ್ಟ್ರೋಕ್ ಎಂಜಿನ್ನು. ಅದರ ಸದ್ದು ಊರ ಬಾಗಿಲಿಗೆ ಬರುವ ಮೊದಲೇ ಯಾರು ಬರುತ್ತಿದ್ದಾರೆಂದು ಮನೆಯವರಿಗೆ ತಿಳಿಯುತ್ತಿತ್ತು. ಹೊಗೆಸೊಪ್ಪಿನ ವ್ಯಾಪಾರಿಗೆ, ಮೇಷ್ಟ್ರಿಗೆ, ತೋಟದ ರೈತನಿಗೆ ಅದು ಮೋಜಿನ ವಾಹನಕ್ಕಿಂತ ಹೆಚ್ಚಾಗಿ ಮನೆಯ ಎತ್ತಿನಂತಿತ್ತು. ಮೂಟೆಯನ್ನೂ ಹೊತ್ತಿತು, ಮದುವೆಗೂ ಕರೆದೊಯ್ದಿತು.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಬೈಕುಗಳ ಮೇಲೆ ಮರಳಿ ಬಂದವು. ಆದರೆ ಅವು ಮೈಸೂರಿನಲ್ಲಿ ತಯಾರಾದವಲ್ಲ. ಹಳೆಯ ಬೈಕುಗಳನ್ನು ಉಜ್ಜಿ, ಎಣ್ಣೆ ಹಾಕಿ, ಬಿಡಿಭಾಗಗಳನ್ನು ಹುಡುಕಿ ತಂದು ಇಂದಿಗೂ ಓಡಿಸುವವರು ಮೈಸೂರಿನಲ್ಲಿ ಉಂಟು. ಬಿಳಿಕೆರೆಯ ಕಡೆಯ ಕಾಫಿ ಹೋಟೆಲಿನ ಮುಂದೆ ಅಂಥದ್ದೊಂದು ಬಂದು ನಿಂತರೆ ಎರಡು ಮೂರು ಲಕ್ಷದ ಹೊಸ ಬೈಕಿನವರೂ ಎದ್ದು ಹೋಗಿ ಸುತ್ತಲೂ ನೋಡುತ್ತಾರೆ.

ಅಂಕಿಗಳ ಆಟ

ಹಾಗಾದರೆ ಈ ಹುಡುಗರು ಹೋಲಿಸುವುದು ಏನನ್ನು? ‘ಸ್ಪೋರ್ಟ್ಸ್ ಬೈಕ್’ ಎಂಬ ಮಾತಿಗೆ ಕಾಲಕಾಲಕ್ಕೆ ಅರ್ಥ ಬದಲಾಗಿದೆ. ಯೆಜ್ಡಿ ರೋಡ್‌ಕಿಂಗ್‌ಗೆ 250 ಸಿ.ಸಿ. ಎಂಜಿನ್ನಿನಲ್ಲಿ 16 ಅಶ್ವಶಕ್ತಿ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಕ್ಕೆ 11 ಅಶ್ವಶಕ್ತಿ ಮಾತ್ರ; ಆದರೆ ಗಾಡಿಯ ತೂಕವೇ ನೂರು ಕಿಲೋ ಆಸುಪಾಸು. ಹಗುರವಾದ ಗಾಡಿಗೆ ಸ್ವಲ್ಪ ಶಕ್ತಿಯೂ ಬಹಳವಾಗಿ ಕಾಣುತ್ತದೆ. ಸಿ.ಸಿ. ಕಡಿಮೆಯಿದ್ದೂ ಅದು ಚಿಗರೆಯಂತೆ ಚಿಮ್ಮುತ್ತಿದ್ದುದಕ್ಕೆ ಕಾರಣ ಇದು.

ಎರಡು ದಶಕದ ಹಿಂದಿನ ಇನ್ನೊಂದು ಹೋಲಿಕೆ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. 2003ರ ಹೀರೋ ಹೊಂಡಾ ಕರಿಜ್ಮಾ 223 ಸಿ.ಸಿ.ಯದು; 2008ರ ಯಮಹಾ ಆರ್15 ಕೇವಲ 150 ಸಿ.ಸಿ.ಯದು. ಶಕ್ತಿ ಮಾತ್ರ ಎರಡಕ್ಕೂ ಸುಮಾರು 17 ಅಶ್ವಶಕ್ತಿ. ಸಿಲಿಂಡರಿಗೆ ನಾಲ್ಕು ವಾಲ್ವು, ದ್ರವದಿಂದ ತಂಪಾಗುವ ಎಂಜಿನ್ನು, ಹೆಚ್ಚು ಸುತ್ತು ತಿರುಗುವ ಗುಣ ಇವೆಲ್ಲ ಸೇರಿ ಚಿಕ್ಕ ಎಂಜಿನ್ನಿನಿಂದಲೇ ದೊಡ್ಡದರ ಕೆಲಸ ತೆಗೆದಿದ್ದವು. ಸಿ.ಸಿ. ಒಂದನ್ನೇ ನೋಡಿ ಬೈಕಿನ ಬಲ ಅಳೆಯುವುದು ಮನೆಯ ಅಗಲ ನೋಡಿ ಮನೆಯವರ ಸಂಖ್ಯೆ ಹೇಳಿದಂತೆ. ಆಮೇಲೆ ಬಂದ ಕೆಟಿಎಂ 390ಕ್ಕೆ 43 ಅಶ್ವಶಕ್ತಿ, 2017ರ ಕೊನೆಗೆ ಬಂದ ಟಿವಿಎಸ್ ಅಪಾಚೆ ಆರ್‌ಆರ್ 310ಕ್ಕೆ 34. ಒಂದು ಕಾಲದ ಕನಸು ಇಂದು ತಿಂಗಳ ಕಂತಿನಲ್ಲಿ ಸಿಗುತ್ತದೆ.

ಸ್ಪೋರ್ಟ್ಸ್ ಬೈಕಿನ ಹ್ಯಾಂಡಲು ತಗ್ಗಿನಲ್ಲಿರುತ್ತದೆ, ಕಾಲಿಡುವ ಜಾಗ ಹಿಂದಕ್ಕೆ. ಸವಾರ ಟ್ಯಾಂಕಿನ ಮೇಲೆ ಬಾಗಿ ಕೂರುತ್ತಾನೆ. ಗಾಳಿಯ ತಡೆ ಕಡಿಮೆಯಾಗಲಿ, ತಿರುವಿನಲ್ಲಿ ಮುಂದಿನ ಚಕ್ರದ ಹಿಡಿತ ಹೆಚ್ಚಲಿ ಎಂಬ ಉದ್ದೇಶ ಅದಕ್ಕಿದೆ. ಆದರೆ ರಸ್ತೆಯುಬ್ಬುಗಳ ನಡುವೆ ಐವತ್ತು ಕಿ.ಮೀ. ಹೋದರೆ ಮಣಿಕಟ್ಟು ನೋಯುತ್ತದೆ. ಹಿಂದಿನ ಎತ್ತರದ ಸೀಟಿನ ಮೇಲೆ ಅಮ್ಮನನ್ನು ಕೂರಿಸಿಕೊಂಡು ಸಂತೆಗೆ ಹೋಗುವುದಂತೂ ಇಬ್ಬರಿಗೂ ಶಿಕ್ಷೆ.

ಈ ಅಂಕಿಗಳ ನಡುವೆ ಬಹಳ ಜನ ಮರೆಯುವ ಒಂದು ಸಂಗತಿ 1983ರ ರಾಜದೂತ್ 350ರ ಕಥೆಯಲ್ಲಿದೆ. ಎರಡು ಸಿಲಿಂಡರು, ಆರು ಗೇರು, ಸುಮಾರು 30 ಅಶ್ವಶಕ್ತಿ. ಆ ಕಾಲಕ್ಕೆ ಅದು ಭಾರತದ ರಸ್ತೆಯ ಮೇಲಿನ ಮಿಂಚು. ಇದರ ಮೂಲವಾದ ಜಪಾನಿನ ಆರ್‌ಡಿ 350ಕ್ಕೆ ಮುಂದೆ ಡಿಸ್ಕ್ ಬ್ರೇಕು ಇತ್ತು. ಇಲ್ಲಿ ತಯಾರಾದದ್ದಕ್ಕೆ ಮುಂದೆಯೂ ಡ್ರಮ್ ಬ್ರೇಕು. ಓಡುವ ಶಕ್ತಿಯ ಬಹುಪಾಲು ಬಂತು, ನಿಲ್ಲುವ ಶಕ್ತಿ ಅಷ್ಟು ಬರಲಿಲ್ಲ. ಇಂದು ಸಂಗ್ರಹಕಾರರು ಆ ಬೈಕನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ; ಅದರ ಬ್ರೇಕಿನ ಬಗ್ಗೆ ಮಾತ್ರ ಯಾರೂ ಹೊಗಳಿ ಮಾತನಾಡುವುದಿಲ್ಲ.

ರಸ್ತೆ ಎಲ್ಲರದ್ದು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ನಿಷೇಧಿಸಲಾಯಿತು. ವೇಗದ ವಾಹನಗಳ ನಡುವೆ ನಿಧಾನದ ವಾಹನ ಬಂದರೆ ಅಪಾಯ ಎಂಬುದು ಕಾರಣ. ಮೈಸೂರು ದಾಟಿ ಹುಣಸೂರಿನ ರಸ್ತೆ ಹಿಡಿದವರಿಗೆ ಹೀಗೆ ಬೇರ್ಪಡಿಸಿದ ಪಥಗಳಿಲ್ಲ. ಮಡಿಕೇರಿಯ ಮೇಲೆ ಬಂಟ್ವಾಳಕ್ಕೆ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿ ಇದೇ. ಇದರ ಮೇಲೆ ಬಸ್ಸೂ ಇದೆ, ಎತ್ತಿನ ಗಾಡಿಯೂ ಇದೆ, ಶಾಲೆಗೆ ಹೊರಟ ಮಕ್ಕಳೂ ಇದ್ದಾರೆ.

ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿ.ಮೀ. ಲಕ್ಷ್ಮಣತೀರ್ಥ ನದಿಯ ದಂಡೆಯ ಈ ಊರು ಮರದ ವ್ಯಾಪಾರಕ್ಕೆ ಹಿಂದಿನಿಂದ ಹೆಸರಾದದ್ದು. ಕರ್ನಾಟಕ ಎಂಬ ಹೆಸರು ರಾಜ್ಯಕ್ಕೆ ಬಂದಾಗ ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸರ ಕಲ್ಲಹಳ್ಳಿ ಇರುವುದು ಇದೇ ತಾಲ್ಲೂಕಿನಲ್ಲಿ. ಇಲ್ಲಿಂದ ಪಿರಿಯಾಪಟ್ಟಣದವರೆಗೆ ಹೊಗೆಸೊಪ್ಪಿನ ರಾಜ್ಯ. ಹೊಲಗಳ ನಡುವೆ ಎತ್ತರದ ಬ್ಯಾರನ್ನುಗಳು, ಅವುಗಳ ಪಕ್ಕ ಸೌದೆಯ ರಾಶಿ. ಕಟ್ಟೆಮಳಲವಾಡಿ, ಕಂಪಲಾಪುರ, ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗಳು ತೆರೆದ ತಿಂಗಳುಗಳಲ್ಲಿ ಸೊಪ್ಪಿನ ಬೇಲು ತುಂಬಿದ ಟ್ರ್ಯಾಕ್ಟರುಗಳು ಬೆಳಗಿನ ಜಾವದಿಂದಲೇ ರಸ್ತೆಗಿಳಿಯುತ್ತವೆ. ಸೌದೆ ತುಂಬಿದ ಟ್ರೇಲರಿನ ಹಿಂದೆ ಕೆಂಪು ದೀಪ ಇದ್ದೇ ಇರುತ್ತದೆಂದು ನಂಬುವಂತಿಲ್ಲ. ಮಂಜು ಕವಿದ ಮುಂಜಾನೆಯಲ್ಲಿ ಅದು ಕಾಣುವುದು ತೀರ ಹತ್ತಿರ ಹೋದಾಗಲೇ.

ಪಿರಿಯಾಪಟ್ಟಣ ದಾಟಿ ಮುಂದೆ ಹೋದರೆ ಬೈಲಕುಪ್ಪೆ. ಅರವತ್ತರ ದಶಕದ ಆರಂಭದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಇಲ್ಲಿ ಜಾಗ ಸಿಕ್ಕಿತು. ಕಡುಗೆಂಪು ನಿಲುವಂಗಿಯ ಬಿಕ್ಕುಗಳು, ಮೆಕ್ಕೆಜೋಳದ ಹೊಲಗಳು, ನಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧನ ವಿಗ್ರಹಗಳು. ಕೊಡಗಿಗೆ ಹೋಗುವ ಬೈಕುಗಳೆಲ್ಲ ಇಲ್ಲಿ ಒಮ್ಮೆ ತಿರುಗುತ್ತವೆ. ಇದೇ ತಾಲ್ಲೂಕಿನ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ ಬೆಟ್ಟದ ತುದಿಯಲ್ಲಿದೆ. ಮೇಲಕ್ಕೆ ಮೂರು ಸಾವಿರದಷ್ಟು ಮೆಟ್ಟಿಲು. ಯಾವ ಕಂಪೆನಿಯ ಬೈಕಾದರೂ ಕೆಳಗೇ ಬಿಡಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಮೊಣಕಾಲಿನ ಶಕ್ತಿ ಒಂದೇ.

ಕೃಷ್ಣರಾಜನಗರದ್ದು ಇನ್ನೊಂದು ಬಗೆ. ಕಾವೇರಿಯ ನೀರುಂಡ ಇದು ಭತ್ತದ ಕಣಜ. ಹಳೆಯ ಎಡತೊರೆಯ ಅರ್ಕೇಶ್ವರನ ಗುಡಿ ನೋಡಿ, ಗದ್ದೆಗಳ ನಡುವೆ ಚುಂಚನಕಟ್ಟೆಯ ಜಲಪಾತಕ್ಕೆ ಹೋಗುವ ದಾರಿ ಬೈಕಿನವರಿಗೆ ಬಲು ಪ್ರಿಯ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಆಗ ರಸ್ತೆಯ ತುಂಬ ಸಿಂಗರಿಸಿದ ಎತ್ತುಗಳದ್ದೇ ನಡಿಗೆ. ಹಾರನ್ನು ಹೊಡೆದರೆ ಎತ್ತು ಪಕ್ಕಕ್ಕೆ ಸರಿಯುತ್ತದೆ ಎನ್ನುವುದು ಊರು ಕಾಣದವರ ನಂಬಿಕೆ. ಬೆದರಿದ ಎತ್ತು ಯಾವ ಕಡೆ ತಿರುಗುತ್ತದೆಂದು ಹಗ್ಗ ಹಿಡಿದವನಿಗೂ ತಿಳಿಯದು.

ಸುಗ್ಗಿಯ ಕಾಲದಲ್ಲಿ ಈ ಸೀಮೆಯ ಹಲವು ರಸ್ತೆಗಳೇ ಕಣವಾಗುತ್ತವೆ. ಹುರುಳಿ, ರಾಗಿಯ ತೆನೆಯನ್ನು ರಸ್ತೆಗೆ ಹರಡಿದರೆ ಓಡಾಡುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಕಣ ಮಾಡಲು ಜಾಗವಿಲ್ಲ, ಕೂಲಿಗೆ ಆಳಿಲ್ಲ ಎಂಬುದು ರೈತನ ಕಷ್ಟ. ನಾಲ್ಕು ಚಕ್ರದವರಿಗೆ ಇದು ಬರೀ ಸರಸರ ಸದ್ದು. ಎರಡು ಚಕ್ರದವರಿಗೆ ಒಣಹುಲ್ಲಿನ ಜಾರುಬಂಡೆ. ಅದರ ಮೇಲೆ ಬ್ರೇಕು ಒತ್ತಿದರೆ ಟೈರಿಗೆ ಹಿಡಿಯಲು ರಸ್ತೆಯೇ ಇರುವುದಿಲ್ಲ. ತಿಳಿದವರು ಹುಲ್ಲು ಕಂಡ ಕೂಡಲೇ, ಅದರ ಮೇಲೆ ಚಕ್ರ ಹೋಗುವ ಮುನ್ನವೇ, ವೇಗ ಇಳಿಸಿ ಬಿಡುತ್ತಾರೆ.

ನಾಲ್ಕು ಪಟ್ಟಿನ ಲೆಕ್ಕ

ಪಿಯುಸಿ ಭೌತಶಾಸ್ತ್ರ ಓದಿದ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವೊಂದಿದೆ. ಒಣಗಿದ ಒಳ್ಳೆಯ ರಸ್ತೆ, ಒಳ್ಳೆಯ ಟೈರು, ಪಳಗಿದ ಸವಾರ ಎಂದುಕೊಳ್ಳೋಣ. ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ. ಎದುರಿಗೆ ಕರು ಬಂದದ್ದನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕು ಹಿಡಿಯಲು ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಬೈಕು 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್. ಒಟ್ಟು 37.

ಈಗ ವೇಗವನ್ನು 120ಕ್ಕೆ ಏರಿಸಿ. ವೇಗ ಎರಡು ಪಟ್ಟಾಯಿತು, ನಿಲ್ಲುವ ದೂರವೂ ಎರಡು ಪಟ್ಟು ಎಂದು ತೋರುವುದು ಸಹಜ. ಆದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ಒಂದು ಸೆಕೆಂಡಿನಲ್ಲೇ 33 ಮೀಟರ್ ಹೋಯಿತು. ಬ್ರೇಕಿನ ದೂರ ನಾಲ್ಕು ಪಟ್ಟಾಗಿ ಸುಮಾರು 80 ಮೀಟರ್. ಒಟ್ಟು 110 ಮೀಟರಿಗೂ ಹೆಚ್ಚು, ಒಂದರ ಹಿಂದೊಂದು ನಿಲ್ಲಿಸಿದ ಒಂಬತ್ತು ಬಸ್ಸಿನ ಉದ್ದ! ಮಳೆ ಬಿದ್ದ ರಸ್ತೆಯಲ್ಲಿ ಇದು ಇನ್ನೂ ಹೆಚ್ಚುತ್ತದೆ. ಇಷ್ಟು ದೂರ ನೇರವಾಗಿ, ಖಾಲಿಯಾಗಿ ಸಿಗುವ ರಸ್ತೆ ಕಂಪಲಾಪುರದ ಬಳಿ ಎಷ್ಟಿದೆ, ಮಿರ್ಲೆಯ ಬಳಿ ಎಷ್ಟಿದೆ ಎಂದು ಆಯಾ ಊರಿನವರೇ ಹೇಳಬಲ್ಲರು.

ಇದರಿಂದ ಬರುವ ಲಾಭವಾದರೂ ಏನು? ಮೈಸೂರಿನಿಂದ ಹುಣಸೂರಿಗೆ ಸರಾಸರಿ 60ರಲ್ಲಿ ಹೋದರೆ 45 ನಿಮಿಷ. ಎಲ್ಲೂ ತಡೆಯಿಲ್ಲದೆ 90ರಲ್ಲಿ ಹೋದರೆ 30 ನಿಮಿಷ. ಉಳಿದ ಹದಿನೈದು ನಿಮಿಷ ಒಂದು ಕಾಫಿ, ಒಂದು ಹರಟೆಗೆ ಸರಿಯಾಯಿತು. ‘ಅತಿ ವೇಗ, ತಿಥಿ ಬೇಗ’ ಎಂದು ರಸ್ತೆ ಪಕ್ಕದ ಫಲಕ ಎಚ್ಚರಿಸುತ್ತದೆ. ಓದಿ ನಕ್ಕು ಮುಂದೆ ಹೋಗುವವರು ಲೆಕ್ಕವನ್ನೊಮ್ಮೆ ಮಾಡಿ ನೋಡಿದರೆ ನಗು ಕಡಿಮೆಯಾದೀತು.

ಕಾಡಿನ ದಾರಿ

ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಗಡಿಯಲ್ಲಿ ನಾಗರಹೊಳೆಯ ಕಾಡು ಶುರುವಾಗುತ್ತದೆ. 643 ಚದರ ಕಿ.ಮೀ. ಹರಡಿದ ಈ ರಾಷ್ಟ್ರೀಯ ಉದ್ಯಾನದಲ್ಲಿ ಹುಲಿ, ಆನೆ, ಕಾಟಿಗಳ ಸಂಸಾರ ದೊಡ್ಡದು. ದಸರೆಯ ಆನೆಗಳ ಗಜಪಯಣಕ್ಕೆ ಪೂಜೆ ನಡೆಯುವ ವೀರನಹೊಸಹಳ್ಳಿ ಹುಣಸೂರು ತಾಲ್ಲೂಕಿನದು. ಹಿಂದೆ ಆನೆಗಳು ಇಲ್ಲಿಂದ ನಡೆದೇ ಮೈಸೂರು ಸೇರುತ್ತಿದ್ದವು. ಈಗ ಲಾರಿ ಏರುತ್ತವೆ.

ಇದೇ ಕಾಡಿನ ಅಂಚಿನಲ್ಲಿ, ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ರಸ್ತೆಯಲ್ಲಿ ಮತ್ತಿಗೋಡು ಆನೆ ಶಿಬಿರವಿದೆ. 2018ರ ಅಕ್ಟೋಬರಿನಲ್ಲಿ, ದಸರೆಯ ದಿನಗಳು ಹತ್ತಿರವಿದ್ದಾಗ, ಶಿಬಿರದ ರಂಗ ಎಂಬ ಆನೆ ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಬಸ್ಸೊಂದಕ್ಕೆ ಸಿಕ್ಕಿ ಸತ್ತುಹೋಯಿತು. ಕಾಡಾನೆಯಾಗಿ ಪುಂಡಾಟಕ್ಕೆ ಹೆಸರಾಗಿದ್ದ ಅದನ್ನು ಹಿಡಿದು, ಮಾವುತರು ತಿಂಗಳುಗಟ್ಟಲೆ ಶ್ರಮಪಟ್ಟು ಪಳಗಿಸಿದ್ದರು. ಆನೆಯಂಥ ಆನೆಯೇ ಕತ್ತಲಲ್ಲಿ ಸಮಯಕ್ಕೆ ಕಾಣಲಿಲ್ಲ, ಅಥವಾ ಕಂಡರೂ ನಿಲ್ಲಿಸಲಾಗಲಿಲ್ಲ ಎಂದ ಮೇಲೆ, ಜಿಂಕೆ, ಮುಳ್ಳುಹಂದಿ, ಮೊಲಗಳ ಪಾಡು ಹೇಳುವುದೇನು? ಆ ಜಾಗದಲ್ಲಿ ಬೈಕು ಇದ್ದಿದ್ದರೆ ಉಳಿಯುತ್ತಿದ್ದುದು ಸವಾರನೋ ಆನೆಯೋ ಎಂಬುದನ್ನೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಗ್ಗಡದೇವನಕೋಟೆ ಜಲಾಶಯಗಳ ನಾಡು. ಹಳೆಯ ತಾಲ್ಲೂಕಿನಲ್ಲಿ ಕಬಿನಿ, ನುಗು, ತಾರಕ, ಹೆಬ್ಬಾಳ ಎಂದು ನಾಲ್ಕು ಅಣೆಕಟ್ಟುಗಳು. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಹಿನ್ನೀರಿನ ಆಸುಪಾಸಿನಲ್ಲೇ ಕಾಕನಕೋಟೆಯ ಪ್ರಸಿದ್ಧ ಖೆಡ್ಡಾಗಳು ನಡೆಯುತ್ತಿದ್ದುದು. ಕೊನೆಯ ಖೆಡ್ಡಾ 1971ರಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಸಿರು ಹುಲ್ಲಿಗೆ ಆನೆಗಳ ಹಿಂಡು ಇಳಿಯುತ್ತದೆ. ಅಂತರಸಂತೆಯ ಮೇಲೆ ಬಾವಲಿ ದಾಟಿ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆ ಕಾಡನ್ನು ಸೀಳಿಕೊಂಡು ಸಾಗುತ್ತದೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಇಲ್ಲಿ ಗೇಟು ಮುಚ್ಚಿರುತ್ತದೆ. ನಾಗರಹೊಳೆಯ ಮೂಲಕ ಕುಟ್ಟಕ್ಕೆ ಹೋಗುವ ಕಾಡಿನ ರಸ್ತೆಗೆ ಬೈಕುಗಳನ್ನು ಬಿಡುವುದೇ ಇಲ್ಲ. ಗೇಟಿನ ಮುಂದೆ ಬಂದು ತಕರಾರು ತೆಗೆಯುವವರು ಇದ್ದಾರೆ. ಆದರೆ ಹಾಡಿಯ ಜೇನುಕುರುಬರನ್ನು, ಕಾಡುಕುರುಬರನ್ನು ಕೇಳಿದರೆ ಕತ್ತಲಾದ ಮೇಲೆ ಆ ದಾರಿ ಯಾರದು ಎಂದು ತಿಳಿಯುತ್ತದೆ.

ಮನೆಯ ಮಾತು

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹುಡುಗರು ಬೈಕು ಮುಟ್ಟಬಾರದು ಎಂದೇನಲ್ಲ. ಬೇಡ ಎಂದಷ್ಟೂ ಆಸೆ ಹೆಚ್ಚುವ ವಯಸ್ಸು ಅದು. ಬೇಡವೆಂದ ಅಪ್ಪನ ಮಗ ಗೆಳೆಯನ ಬೈಕು ಏರುತ್ತಾನೆ. ಕಲಿಸಿ ಕೊಟ್ಟರೆ ಕೈಯಲ್ಲೊಂದು ವಿದ್ಯೆಯಾದರೂ ಇರುತ್ತದೆ. ಮೊದಲು ವಯಸ್ಸಿನ ಮಾತು. ಗೇರಿನ ಬೈಕಿಗೆ ಲೈಸೆನ್ಸು ಸಿಗುವುದು 18 ತುಂಬಿದ ಮೇಲೆ. ಅದಕ್ಕೆ ಮುಂಚೆ ಮಗ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ತಪ್ಪು ಪೋಷಕರದ್ದು ಅಥವಾ ವಾಹನದ ಮಾಲೀಕರದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಇಲ್ಲ. ‘ನಮ್ಮ ಹುಡುಗ ಹತ್ತನೇ ಕ್ಲಾಸಿಗೇ ಗಾಡಿ ಓಡಿಸ್ತಾನೆ’ ಎಂದು ನೆಂಟರ ಮುಂದೆ ಹೆಮ್ಮೆಪಡುವವರು ಇದನ್ನು ನೆನಪಿಡಬೇಕು.

ಎರಡನೆಯದು ಬ್ರೇಕು. 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ. ಗಾಬರಿಯಲ್ಲಿ ಬ್ರೇಕು ಅಮುಕಿದಾಗ ಚಕ್ರ ತಿರುಗುವುದು ಪೂರ್ತಿ ನಿಂತು ಗಾಡಿ ಜಾರುತ್ತದೆ. ಇದನ್ನು ಅರಿತು ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ, ಮತ್ತೆ ಹಿಡಿದು ಚಕ್ರ ಉರುಳುತ್ತಲೇ ಇರುವಂತೆ ಮಾಡುವ ಏರ್ಪಾಡು ಅದು. ಹಳೆಯ ಬೈಕು ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ಕೇಳಬೇಕು. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರದ್ದೇ. ‘ಮುಂದಿನ ಬ್ರೇಕು ಮುಟ್ಟಬೇಡ, ಬೀಳ್ತೀಯ’ ಎಂದು ಸೈಕಲ್ಲಿನ ಕಾಲದಿಂದ ಬಂದ ಉಪದೇಶ ಅರ್ಧ ಸತ್ಯ ಮಾತ್ರ. ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ, ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಗಿಗೊಳಿಸುವುದನ್ನು ಕಲಿಸುವುದೇ ಸರಿಯಾದ ದಾರಿ.

ಮೂರನೆಯದು ಹೆಲ್ಮೆಟ್ಟು. ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಇದು ಕಡ್ಡಾಯ. ಐಎಸ್‌ಐ ಗುರುತು ಇರಬೇಕು, ಕೊಕ್ಕೆ ಗಲ್ಲದ ಕೆಳಗೆ ಬಿಗಿದಿರಬೇಕು. ಲಕ್ಷಗಟ್ಟಲೆ ಕೊಟ್ಟು ಬೈಕು ತಂದು ತಲೆಗೆ ಮುನ್ನೂರು ರೂಪಾಯಿಯ ಬುಟ್ಟಿ ಕವುಚಿಕೊಳ್ಳುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ.

ಈ ನಾಲ್ಕು ಸೀಮೆಗಳನ್ನು ನೋಡಲು ಹೊರಡುವವರು ಎರಡು ದಿನ ಇಟ್ಟುಕೊಂಡರೆ ಚೆನ್ನ. ಮೊದಲ ದಿನ ಮೈಸೂರಿನಿಂದ ಎಡತೊರೆ, ಚುಂಚನಕಟ್ಟೆ ನೋಡಿಕೊಂಡು ಕೃಷ್ಣರಾಜನಗರದಿಂದ ಹುಣಸೂರು ಸೇರಿ, ಅಲ್ಲಿಂದ ಪಿರಿಯಾಪಟ್ಟಣ, ಬೈಲಕುಪ್ಪೆ. ಮರುದಿನ ಹುಣಸೂರಿಗೆ ಮರಳಿ ಹೆಗ್ಗಡದೇವನಕೋಟೆ, ಕಬಿನಿ. ಕತ್ತಲಾಗುವ ಮೊದಲೇ ಮೈಸೂರು. ಬೆಳಕಿರುವಾಗಲೇ ಸವಾರಿ ಮುಗಿಸುವುದು ಇಲ್ಲಿನ ಮೊದಲ ನಿಯಮ. ಜಲಪಾತದ ನೋಟಕ್ಕೆ ಮಳೆಗಾಲ ಒಳ್ಳೆಯದು, ಸವಾರಿಗೆ ಮಳೆ ನಿಂತ ಮೇಲಿನ ತಿಂಗಳುಗಳು.

ಶೋರೂಮಿಗೆ ಹೋಗುವ ದಿನ ಮಗ ‘ಎಷ್ಟು ಹೋಗುತ್ತೆ’ ಎಂದು ಕೇಳಲಿ, ಅಪ್ಪ ‘ಎಷ್ಟು ಕೊಡುತ್ತೆ’ ಎಂದು ಕೇಳಲಿ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೂರನೆಯದನ್ನು ಇಬ್ಬರೂ ಸೇರಿ ಕೇಳಬೇಕು. ಅದರ ಅರ್ಧ ಉತ್ತರವನ್ನು ಮಾರಾಟಗಾರ ಬೈಕಿನ ಚಕ್ರ ತೋರಿಸಿ ಹೇಳುತ್ತಾನೆ. ಇನ್ನರ್ಧ ಉತ್ತರವನ್ನು ಮಗನೇ ಹೇಳಬೇಕು, ಆಕ್ಸಿಲರೇಟರು ಅವನ ಕೈಯಲ್ಲೇ ಇರುವುದರಿಂದ.